ದೂರ ತರಬೇತಿ ಫಲಿಸಿತೇ ಎಂದು ತಿಳಿಯಲು ಸಂಘದ ಕೌಂಟರಿಗೇ ಹೋಗಬೇಕು

ಪ್ರಶ್ನೆ: ಗದಗ ಮತ್ತು ಹಾವೇರಿ ಜಿಲ್ಲೆಗಳ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಕಾರ್ಯದರ್ಶಿಗಳು ಮತ್ತು ಗುಮಾಸ್ತರಿಗೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ತರಬೇತಿಯನ್ನು ಆನ್‌ಲೈನ್ ನೇರ ತರಗತಿಗಳ ಮೂಲಕ ಕೊಟ್ಟೆವು. ವಾರಕ್ಕೆ ಎರಡು ಸಂಜೆ, ಎಂಟು ವಾರ. ಹೆಚ್ಚಿನವರು 40 ದಾಟಿದವರು. 60 ಜನ ಹೆಸರು ಕೊಟ್ಟಿದ್ದರು, ಕೊನೆಯವರೆಗೆ ಉಳಿದವರು 41. ಅಭಿಪ್ರಾಯ ಪತ್ರದಲ್ಲಿ 5ಕ್ಕೆ 4.6 ಅಂಕ ಬಂದಿದೆ. ಈಗ ನಮ್ಮ ಆಡಳಿತ ಮಂಡಳಿಯವರು, 'ಇದರಿಂದ ನಿಜಕ್ಕೂ ಉಪಯೋಗ ಆಯಿತೇ, ಅಥವಾ ಮೊದಲಿನ ಹಾಗೆ ಧಾರವಾಡದಲ್ಲಿ ಮೂರು ದಿನದ ಶಿಬಿರವೇ ವಾಸಿಯೇ' ಎಂದು ಕೇಳುತ್ತಿದ್ದಾರೆ. ಹೇಗೆ ಅಳೆಯಬೇಕು?
(ತರಬೇತಿ ಸಂಯೋಜಕರು, ಗದಗ)

ಉತ್ತರ: ನಿಮ್ಮ ಮಂಡಳಿಯ ಪ್ರಶ್ನೆಗೆ ಆ 4.6 ಅಂಕದಿಂದ ಉತ್ತರ ಸಿಗುವುದಿಲ್ಲ. ಅಂಕ ಸುಳ್ಳೆಂದು ನಾನು ಹೇಳುತ್ತಿಲ್ಲ. ಪಾಠ ಹೇಳಿದವರ ಮೇಲೆ ಜನರಿಗೆ ಗೌರವವಿತ್ತು, ಸಂಜೆಯ ಹೊತ್ತು ಹಾಳಾಯಿತೆಂದು ಅವರಿಗೆ ಅನ್ನಿಸಲಿಲ್ಲ ಎಂಬಷ್ಟನ್ನು ಅದು ಹೇಳುತ್ತದೆ. ಅದೂ ಉಳಿದ 41 ಜನರ ಮಾತು. ನಡುವೆ ಬಿಟ್ಟ 19 ಜನ ಅದರಲ್ಲಿ ಇಲ್ಲವೇ ಇಲ್ಲ.

ತರಬೇತಿಯನ್ನು ತೂಗಿ ನೋಡಲು ಇವತ್ತಿಗೂ ಬಹಳ ಜನ ಬಳಸುವ ನಾಲ್ಕು ಹಂತಗಳನ್ನು ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಬರೆಯಲು ಶುರುಮಾಡಿದ ಲೇಖನಗಳಲ್ಲಿ ಕೊಟ್ಟರು. ಬಂದವರು ಮೆಚ್ಚಿದರೇ, ಕಲಿತರೇ, ಕಲಿತದ್ದನ್ನು ಕೆಲಸದಲ್ಲಿ ಬಳಸಿದರೇ, ಅದರಿಂದ ಸಂಸ್ಥೆಗೆ ಒಳಿತಾಯಿತೇ. ಬಹುತೇಕ ತರಬೇತಿ ವರದಿಗಳು ಮೊದಲ ಹಂತದಲ್ಲೇ ನಿಂತುಬಿಡುತ್ತವೆ, ಏಕೆಂದರೆ ಅಭಿಪ್ರಾಯ ಪತ್ರ ತುಂಬಿಸುವುದು ಸುಲಭ. ಮೆಚ್ಚಿದವರು ಕಲಿತಿದ್ದಾರೆ, ಕಲಿತವರು ಬಳಸುತ್ತಾರೆ ಎಂದು ನಂಬಿಕೊಂಡು ವರದಿ ಮುಗಿಸುತ್ತಾರೆ. ಆ ನಂಬಿಕೆಗೆ ಆಧಾರ ತೀರ ತೆಳು. 1997ರಲ್ಲಿ ಅಲಿಗರ್ ಮತ್ತು ಜೊತೆಗಾರರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, 'ತರಬೇತಿ ಇಷ್ಟವಾಯಿತು' ಎಂಬ ಮಾತಿಗೂ ಆದ ಕಲಿಕೆಗೂ ಹೆಚ್ಚು ಸಂಬಂಧ ಕಾಣಲಿಲ್ಲ. 'ನನ್ನ ಕೆಲಸಕ್ಕೆ ಇದು ಉಪಯೋಗಕ್ಕೆ ಬರುತ್ತದೆ' ಎಂಬ ಮಾತಿಗೆ ಮಾತ್ರ ಅದಕ್ಕಿಂತ ಸ್ವಲ್ಪ ಹೆಚ್ಚು ಬೆಲೆ ಇತ್ತು. 2019ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಯಲ್ಲಿ ನಡೆದ ಪ್ರಯೋಗ ಇನ್ನೂ ಮುಂದೆ ಹೋಯಿತು. ತಾವೇ ತಲೆ ಕೆಡಿಸಿಕೊಂಡು ಲೆಕ್ಕ ಬಿಡಿಸಿದ ವಿದ್ಯಾರ್ಥಿಗಳು ಹೆಚ್ಚು ಕಲಿತಿದ್ದರು, ಆದರೆ ಕಡಿಮೆ ಕಲಿತೆವು ಎಂದುಕೊಂಡಿದ್ದರು. ಚೆಂದದ ಉಪನ್ಯಾಸ ಕೇಳಿದವರದು ಇದಕ್ಕೆ ತಿರುಗುಮುರುಗು. ಅವರು ಕಾಲೇಜಿನ ಹುಡುಗರು, ನಿಮ್ಮವರು ಸಂಸಾರಸ್ಥರು, ನಿಜ. ಆದರೂ ಮೈಮುರಿದು ದುಡಿಸುವ ತರಬೇತಿಗೆ ಅಭಿಪ್ರಾಯ ಪತ್ರದಲ್ಲಿ ಕಡಿಮೆ ಅಂಕ ಬರಬಹುದು ಎಂಬ ಎಚ್ಚರ ನಿಮಗೂ ಬೇಕು. ಅಂಕ ಏರಲೆಂದು ಪಾಠವನ್ನು ಸಲೀಸು ಮಾಡಿದರೆ ನಷ್ಟ ಕಲಿಯುವವರಿಗೇ.

ಇನ್ನು 'ಆನ್‌ಲೈನೋ ಶಿಬಿರವೋ' ಎಂಬ ಪ್ರಶ್ನೆ. ಮಂಡಳಿಯವರಿಗೆ ಇದೇ ಮುಖ್ಯ ಅನ್ನಿಸುವುದು ಸಹಜ, ಖರ್ಚಿನ ಮಾತು ಅಲ್ಲಿದೆ. ಆದರೆ ಈ ಹೋಲಿಕೆ ಜಗತ್ತಿನಲ್ಲಿ ದಶಕಗಳಿಂದ ನಡೆದು ಸವೆದುಹೋಗಿದೆ. ರಿಚರ್ಡ್ ಕ್ಲಾರ್ಕ್ ಎಂಬ ವಿದ್ವಾಂಸರು 1983ರಲ್ಲೇ ಖಡಾಖಂಡಿತವಾಗಿ ಹೇಳಿದ್ದರು: ಕಿರಾಣಿ ಸಾಮಾನು ಹೊತ್ತು ತಂದ ಲಾರಿಯಿಂದ ಊರಿನವರ ಪುಷ್ಟಿ ಹೆಚ್ಚುವುದಿಲ್ಲ, ಪಾಠ ಹೊತ್ತು ತಂದ ಮಾಧ್ಯಮದ ಕಥೆಯೂ ಅಷ್ಟೇ. ಇದನ್ನು ಒಪ್ಪದೆ ವಾದ ಹೂಡಿದವರೂ ಇದ್ದಾರೆ. 2009ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಇಂಥ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿತು. ಅವುಗಳಲ್ಲಿ ಬಹುಪಾಲು ಶಾಲಾ ಮಕ್ಕಳಿಗಿಂತ ದೊಡ್ಡವರ ಮೇಲೆ ನಡೆದವು. ಆನ್‌ಲೈನ್ ಕಲಿಕೆ ತುಸು ಮೇಲೆ, ಆನ್‌ಲೈನ್ ಮತ್ತು ಮುಖಾಮುಖಿ ಎರಡನ್ನೂ ಬೆರೆಸಿದ್ದು ಇನ್ನಷ್ಟು ಮೇಲೆ ಎಂದು ಕಂಡಿತು. ಜೊತೆಗೇ ವರದಿ ಒಂದು ಎಚ್ಚರಿಕೆ ಕೊಟ್ಟಿತು: ಬೆರಕೆ ತರಗತಿಗಳಲ್ಲಿ ಕಲಿಕೆಗೆ ಹೆಚ್ಚು ಹೊತ್ತು, ಹೆಚ್ಚು ಸಾಮಗ್ರಿ ಸಿಕ್ಕಿತ್ತು, ಆದ್ದರಿಂದ ಗುಣವನ್ನು ಮಾಧ್ಯಮದ ಲೆಕ್ಕಕ್ಕೆ ಬರೆಯಬೇಡಿ. ನಿಮ್ಮಲ್ಲೂ ಹೀಗೇ ಆಗುತ್ತದೆ. ಮೂರು ದಿನದ ಶಿಬಿರವನ್ನೂ ಎಂಟು ವಾರ ಹರಡಿದ ತರಗತಿಯನ್ನೂ ಪಕ್ಕದಲ್ಲಿಟ್ಟರೆ ಬೇರೆಯಾದದ್ದು ಮಾಧ್ಯಮ ಒಂದೇ ಅಲ್ಲ. ಎಂಟು ವಾರದಲ್ಲಿ ಮಂಗಳವಾರ ಕಲಿತದ್ದನ್ನು ಬುಧವಾರ ಸಂಘದಲ್ಲಿ ಮಾಡಿ ನೋಡಬಹುದು, ಶುಕ್ರವಾರ ಬಂದು ತಪ್ಪಿದ್ದೆಲ್ಲಿ ಎಂದು ಕೇಳಬಹುದು. ನನ್ನ ಅಭಿಪ್ರಾಯದಲ್ಲಿ ದೂರ ತರಬೇತಿಯ ನಿಜವಾದ ಬಲ ಇದು. ಅಳತೆಯೂ ಅಲ್ಲಿಂದಲೇ ಶುರುವಾಗಬೇಕು.

'ನಮ್ಮದು ಪರಸ್ಪರ ಸಂವಾದದ ತರಬೇತಿ' ಎಂದು ನೀವು ಹೇಳಬಹುದು. ಸಂವಾದ ಎಷ್ಟಾಯಿತು ಎಂಬುದನ್ನು ಮೊದಲು ಎಣಿಸಿ. ನಮ್ಮ ನಾಡಿಗೆ ಇದರಲ್ಲಿ ಹಳೆಯ ಅನುಭವವಿದೆ. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪಾಠ ಬಿತ್ತರಿಸಿದ ಸೈಟ್ ಪ್ರಯೋಗದಲ್ಲಿ ಕರ್ನಾಟಕವೂ ಇತ್ತು. ಆಗ ನೋಡುವುದಷ್ಟೇ, ಕೇಳಿದ್ದಕ್ಕೆ ಮರುಮಾತಾಡುವ ದಾರಿ ಇರಲಿಲ್ಲ. ಮುಂದೆ ಒಂದು ಕಡೆಯಿಂದ ಚಿತ್ರ, ಎರಡೂ ಕಡೆಯಿಂದ ಧ್ವನಿ ಎಂಬ ವ್ಯವಸ್ಥೆ ಬಂತು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಪಂಚಾಯತಿ ಸದಸ್ಯರ ತರಬೇತಿಗೆ ಉಪಗ್ರಹವನ್ನು ಬಳಸಿತು. ತಾಲ್ಲೂಕು ಕೇಂದ್ರದಲ್ಲಿ ಕುಳಿತವರು ಫೋನೆತ್ತಿ ಪ್ರಶ್ನೆ ಕೇಳಬಹುದಾಯಿತು. ದೊಡ್ಡ ಹೆಜ್ಜೆಯೇ. ಆದರೆ ಹತ್ತಾರು ಕೇಂದ್ರಗಳು ಒಟ್ಟಿಗೆ ಕೇಳುತ್ತಿರುವಾಗ ಒಂದು ಗಂಟೆಯಲ್ಲಿ ಎಷ್ಟು ಜನರ ಪ್ರಶ್ನೆಗೆ ಸಮಯ ಸಿಕ್ಕೀತು? ಇಂದಿನ ವಿಡಿಯೋ ತರಗತಿಯಲ್ಲಿ ತಂತ್ರಜ್ಞಾನದ ಆ ಅಡ್ಡಿ ಇಲ್ಲ, ಹಾಗಿದ್ದರೂ ಮಾತಾಡುವವರು ಅವರೇ ನಾಲ್ಕೈದು ಜನ. ಉಳಿದವರು ಮೈಕ್ ಮುಚ್ಚಿ ಕುಳಿತಿರುತ್ತಾರೆ. ಮುಂಡರಗಿ ಕಡೆಯ ಹಿರಿಯ ಗುಮಾಸ್ತರೊಬ್ಬರು ನನ್ನ ಬಳಿ ಅಂದಿದ್ದು ಹೀಗೆ: "ನನಗ ತಿಳೀಲಿಲ್ಲರೀ ಅಂತ ಎಲ್ಲಾರ ಮುಂದ ಹೆಂಗ ಹೇಳೂದು ಸರ್? ನನ್ನ ಕೈಯಾಗ ಕಲ್ತ ಹುಡುಗೂರು ಅದಾರ ಅದರಾಗ." ವಯಸ್ಕರ ತರಬೇತಿಯ ಅರ್ಧ ಸಂಕಟ ಈ ಮಾತಿನಲ್ಲಿದೆ. ಇಪ್ಪತ್ತು ವರ್ಷ ಕೀರ್ದಿ (ದಿನವಹಿ), ಖತಾವಣಿ (ಲೆಡ್ಜರ್) ಬರೆದು ಊರಿನಲ್ಲಿ ಮರ್ಯಾದೆ ಗಳಿಸಿದವರಿಗೆ ಮೌಸ್ ಹಿಡಿದು ತಡವರಿಸುವುದೇ ಅವಮಾನ. ಅವರ ಮೌನವನ್ನು 'ಭಾಗವಹಿಸಲಿಲ್ಲ' ಎಂದು ಬರೆದರೆ ಅನ್ಯಾಯ, 'ಎಲ್ಲ ತಿಳಿಯಿತು' ಎಂದು ಬರೆದರೆ ಅದಕ್ಕಿಂತ ದೊಡ್ಡ ಅನ್ಯಾಯ.

ಮೈಕಲ್ ಮೂರ್ 1989ರಲ್ಲಿ ದೂರ ಶಿಕ್ಷಣದ ಸಂವಾದವನ್ನು ಮೂರು ಬಗೆ ಮಾಡಿದರು: ಕಲಿಯುವವರು ಪಾಠದೊಡನೆ, ಕಲಿಸುವವರೊಡನೆ, ತಮ್ಮತಮ್ಮಲ್ಲಿ. ಟೆರಿ ಆಂಡರ್ಸನ್ 2003ರಲ್ಲಿ ಇದಕ್ಕೆ ಸೇರಿಸಿದ ಮಾತು ನಿಮ್ಮಂಥವರಿಗೆ ಬಹಳ ಉಪಯುಕ್ತ. ಈ ಮೂರರಲ್ಲಿ ಒಂದಾದರೂ ಗಟ್ಟಿಯಾಗಿದ್ದರೆ ಉಳಿದೆರಡು ಕಡಿಮೆಯಾದರೂ ಕಲಿಕೆ ನಡೆಯುತ್ತದೆ ಎಂಬುದು ಅವರ ವಾದ. ಶಿರಹಟ್ಟಿಯ ಮೂಲೆಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ ಎಂದಾದರೆ, ಅಕ್ಕಪಕ್ಕದ ಎರಡು ಸಂಘದವರು ಒಂದೇ ಕಡೆ ಕೂತು ಒಂದೇ ಕಂಪ್ಯೂಟರಿನಲ್ಲಿ ತರಗತಿ ಕೇಳಲಿ, ಅಭ್ಯಾಸ ಕೂಡಿ ಮಾಡಲಿ. ತರಬೇತುದಾರರ ಜೊತೆ ಮಾತು ಕಡಿಮೆಯಾದರೂ ಜೋಡಿಯೊಳಗಿನ ಮಾತು ಅದನ್ನು ತುಂಬುತ್ತದೆ. ಆದ್ದರಿಂದ ಎಷ್ಟು ಜನ ಮಾತಾಡಿದರು ಎಂದು ಎಣಿಸಬೇಡಿ. ಪ್ರತಿಯೊಬ್ಬರೂ ಪ್ರತಿ ವಾರ ತಮ್ಮ ಕೈಯಾರೆ ಒಂದು ಕೆಲಸ ಮಾಡಿ ಕಳಿಸಿದರೇ, ಅದಕ್ಕೆ ಅವರ ಹೆಸರು ಹಿಡಿದು, ಇಂಥಲ್ಲಿ ತಪ್ಪಿದೆ ಎಂಬ ಉತ್ತರ ಎಷ್ಟು ದಿನದಲ್ಲಿ ಮರಳಿ ಹೋಯಿತು, ಆ ತಪ್ಪನ್ನು ಅವರು ತಿದ್ದಿದರೇ. ಈ ಮೂರನ್ನು ಒಂದು ವಹಿಯಲ್ಲಿ ಬರೆದಿಡಿ. ಸಂವಾದದ ಅಳತೆಯಾಗಿ ಇಷ್ಟು ಸಾಕು.

ಈಗ ಕಲಿಕೆಯ ಅಳತೆ. ಇದಕ್ಕೆ ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆಪತ್ರಿಕೆ ಬೇಡ. ಕಾಲ್ಪನಿಕ ಸಂಘವೊಂದರ ಒಂದು ದಿನದ ವ್ಯವಹಾರವನ್ನು ಸಿದ್ಧಪಡಿಸಿ: ಠೇವಣಿ ಜಮಾ, ಅಸಲು-ಬಡ್ಡಿ ಬೇರ್ಪಡಿಸಬೇಕಾದ ಬೆಳೆಸಾಲದ ವಸೂಲಿ, ಗೊಬ್ಬರದ ಮಾರಾಟ, ಷೇರು ಹಣ, ಬ್ಯಾಂಕಿಗೆ ಕಟ್ಟಿದ ಮೊತ್ತ, ಒಂದೆರಡು ಖರ್ಚಿನ ಓಚರು. ಒಟ್ಟು ಹತ್ತು-ಹನ್ನೆರಡು ಸಾಕು. ಅವುಗಳ ನಡುವೆ ಬೇಕೆಂದೇ ಮೂರು ತಪ್ಪು ಇಡಿ: ಎರಡು ಬಾರಿ ಬಂದ ರಸೀದಿ, ಬೇರೆ ಸದಸ್ಯರ ಖಾತೆ ಸಂಖ್ಯೆ, ದಿನಾಂಕ ಅದಲುಬದಲು. ಇದನ್ನು ನಮೂದಿಸಿ ದಿನದ ಲೆಕ್ಕ ಮುಚ್ಚಲು, ಶಿಲ್ಕು (ದಿನದ ಕೊನೆಗೆ ಉಳಿದ ನಗದು) ತಾಳೆ ಮಾಡಲು ಹೇಳಿ. ಎಷ್ಟು ಹೊತ್ತು ಹಿಡಿಯಿತು, ಎಷ್ಟು ನಮೂದು ಸರಿ, ಮೂರರಲ್ಲಿ ಎಷ್ಟು ತಪ್ಪು ಹಿಡಿದರು ಎಂದು ಗುರುತಿಸಿ. ಇಂಥದ್ದೇ ಕಷ್ಟದ ಇನ್ನೊಂದು ದಿನದ ವ್ಯವಹಾರವನ್ನೂ ತಯಾರಿಸಿ. ಅರ್ಧ ಜನರಿಗೆ ತರಬೇತಿಗೆ ಮುಂಚೆ ಮೊದಲನೆಯದು, ಮುಗಿದ ಮೇಲೆ ಎರಡನೆಯದು. ಇನ್ನರ್ಧಕ್ಕೆ ಅದಲುಬದಲು. ಹೀಗೆ ಮಾಡಿದರೆ 'ಎರಡನೆಯದು ಸುಲಭ ಇತ್ತು, ಅದಕ್ಕೇ ಅಂಕ ಬಂತು' ಎಂಬ ಅನುಮಾನ ಉಳಿಯುವುದಿಲ್ಲ. ತಿದ್ದುವವರಿಗೆ ಯಾವುದು ಮುಂಚಿನದು, ಯಾವುದು ನಂತರದ್ದು ಎಂದು ತಿಳಿಸಬೇಡಿ. ಪಾಠ ಹೇಳಿದವರೇ ತಿದ್ದುವುದಂತೂ ಬೇಡ.

ಮೊದಲೇ ಪರೀಕ್ಷೆ ಎಂದರೆ ಹಿರಿಯರು ಮುಖ ಗಂಟಿಕ್ಕುತ್ತಾರೆ. ಅದಕ್ಕೆ 'ಪರೀಕ್ಷೆ' ಎನ್ನದೆ, 'ಯಾವ ಪಾಠ ಎಷ್ಟು ಬೇಕು ಎಂದು ನೋಡಲು ಒಂದು ಅಭ್ಯಾಸ' ಎಂದು ಹೇಳಿ. ಹೇಳಿದಂತೆ ನಡೆದುಕೊಳ್ಳಿ ಕೂಡ. ಆ ಫಲಿತಾಂಶ ನೋಡಿ ಪಾಠಗಳನ್ನು ಹೆಚ್ಚುಕಡಿಮೆ ಮಾಡಿ, ಯಾರ ಅಂಕವನ್ನೂ ಅವರ ಅಧ್ಯಕ್ಷರಿಗೆ ಕಳಿಸಬೇಡಿ. ಒಮ್ಮೆ ಅಂಕ ಹೊರಗೆ ಹೋದರೆ ಮುಂದಿನ ತಂಡದವರು ಪಕ್ಕದವರಿಂದ ಮಾಡಿಸಿ ಕಳಿಸುತ್ತಾರೆ, ನಿಮ್ಮ ಅಳತೆಯೇ ಕೆಡುತ್ತದೆ. 'ನಿಮಗೆ ಎಷ್ಟು ಬರುತ್ತದೆ' ಎಂದು ಮುಂಚೆ ಒಮ್ಮೆ, ನಂತರ ಒಮ್ಮೆ ಕೇಳಿ ಕಳೆಯುವ ಪದ್ಧತಿಯನ್ನೂ ನೆಚ್ಚಬೇಡಿ. ವಿಷಯದ ಆಳ ಗೊತ್ತಿಲ್ಲದಾಗ 'ಎಲ್ಲ ಬರುತ್ತದೆ' ಎಂದವರು, ಕಲಿತ ಮೇಲೆ 'ಇನ್ನೂ ಬಹಳ ಇದೆ' ಎನ್ನುತ್ತಾರೆ. ಕಾಗದದ ಮೇಲೆ ಅವರು ಹಿಂದೆ ಬಿದ್ದಂತೆ ಕಾಣುತ್ತದೆ.

ಅತಿ ಮುಖ್ಯವಾದ ಅಳತೆ ಮೂರು ತಿಂಗಳ ನಂತರದ್ದು, ಸಂಘದ ಕೌಂಟರಿನಲ್ಲಿ. ನೀವು ಒಂದೇ ಒಂದು ಕೆಲಸ ಮಾಡುವಷ್ಟು ಸಮಯವಿದೆ ಎಂದರೆ ಮಿಕ್ಕಿದ್ದನ್ನೆಲ್ಲ ಬಿಟ್ಟು ಇದನ್ನೇ ಮಾಡಿ. ತಿಂಗಳಲ್ಲಿ ಎಷ್ಟು ದಿನದ ಲೆಕ್ಕ ಅದೇ ದಿನ ಕಂಪ್ಯೂಟರಿನಲ್ಲಿ ಮುಚ್ಚಿದೆ? ಎಷ್ಟು ನಮೂದುಗಳನ್ನು ಮತ್ತೆ ತಿದ್ದಬೇಕಾಯಿತು? ಸದಸ್ಯರ ಖಾತೆಗಳ ಒಟ್ಟು ಮೊತ್ತ ಸಾಮಾನ್ಯ ಖತಾವಣಿಗೆ ತಾಳೆಯಾಗುತ್ತದೆಯೇ? ಕಂಪ್ಯೂಟರಿನಲ್ಲಿ ಬರೆದದ್ದನ್ನೇ ಮತ್ತೆ ಕೈಬರಹದ ಪುಸ್ತಕದಲ್ಲೂ ಬರೆಯುತ್ತಿದ್ದಾರೆಯೇ? ತಂತ್ರಾಂಶದಲ್ಲಿ ಸಮಯ ದಾಖಲಾಗುತ್ತಿದ್ದರೆ ಮೊದಲ ಎರಡು ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ. ಇಲ್ಲದಿದ್ದರೆ ಒಂದು ವಾರದ ಓಚರುಗಳನ್ನು ತೆರೆದಿಟ್ಟು ಹೋಲಿಸಿ. ಸಹಾಯಕ್ಕಾಗಿ ಬರುವ ಕರೆಗಳನ್ನೂ ಬರೆದಿಡಿ, ಆದರೆ ಸಂಖ್ಯೆ ನೋಡಿ ಮೋಸಹೋಗಬೇಡಿ. ತರಬೇತಿಯಾದ ಹೊಸತರಲ್ಲಿ ಕರೆ ಹೆಚ್ಚಾದರೆ ಜನ ಮಾಡಿ ನೋಡುತ್ತಿದ್ದಾರೆ ಎಂದರ್ಥ. ಕರೆ ತೀರ ನಿಂತುಹೋದ ಸಂಘದಲ್ಲಿ ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಇಟ್ಟಿರಬಹುದು.

ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 63,000 ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿದ ಮೇಲೆ ಯಂತ್ರ, ತಂತ್ರಾಂಶ, ಒತ್ತಡ ಎಲ್ಲವೂ ಒಟ್ಟಿಗೆ ಬರುತ್ತಿವೆ. ಹಾಗಾಗಿ ನಿಮ್ಮ ತರಬೇತಿ ಇಲ್ಲದಿದ್ದರೂ ಸಂಘಗಳು ಅಷ್ಟಿಷ್ಟು ಸುಧಾರಿಸುತ್ತಿದ್ದವು. ಅದನ್ನು ನಿಮ್ಮ ಲೆಕ್ಕದಿಂದ ಬೇರ್ಪಡಿಸಲು ಒಂದು ಸರಳ ಉಪಾಯವಿದೆ. ಮುಂದಿನ ಸಲ 60 ಜನರನ್ನೂ ಒಟ್ಟಿಗೆ ಸೇರಿಸಿಕೊಳ್ಳಬೇಡಿ. ತಾಲ್ಲೂಕುವಾರು ಸಂಘಗಳ ಹೆಸರಿನ ಚೀಟಿ ಎತ್ತಿ ಎರಡು ತಂಡ ಮಾಡಿ. ಒಂದೇ ಸಂಘದವರು ಒಂದೇ ತಂಡದಲ್ಲಿರಲಿ, ಇಲ್ಲದಿದ್ದರೆ ಕಲಿತವರು ಪಕ್ಕದ ಕುರ್ಚಿಯವರಿಗೆ ಹೇಳಿಕೊಟ್ಟು ವ್ಯತ್ಯಾಸ ಅಳಿಸಿಹೋಗುತ್ತದೆ. ಮೊದಲ ತಂಡ ಈಗ ಕಲಿಯಲಿ, ಎರಡನೆಯ ತಂಡ ಮೊದಲ ತಂಡದ ಮೂರು ತಿಂಗಳ ಅಳತೆ ಮುಗಿದ ಮೇಲೆ. ಕಾಯುತ್ತಿರುವ ತಂಡದ ಕೌಂಟರುಗಳನ್ನೂ ಅದೇ ದಿನಗಳಲ್ಲಿ ನೋಡಿ. ಎರಡರ ನಡುವಿನ ಅಂತರ ನಿಮ್ಮ ತರಬೇತಿಯ ಫಲ. ಯಾರಿಗೂ ತರಬೇತಿ ತಪ್ಪುವುದಿಲ್ಲ, ಚೀಟಿ ಎತ್ತಿದ್ದರಿಂದ ಪಕ್ಷಪಾತದ ದೂರೂ ಬರುವುದಿಲ್ಲ. ಮೂವತ್ತು ಜನರ ತಂಡದಲ್ಲಿ ಶೇಕಡಾವಾರು ಲೆಕ್ಕ ಹಾಕಬೇಡಿ, ಇಬ್ಬರು ಆಚೀಚೆ ಆದರೆ ಶೇಕಡಾ ಏಳರಷ್ಟು ಏರಿಳಿಯುತ್ತದೆ. 'ಮೂವತ್ತರಲ್ಲಿ ಇಷ್ಟು ಜನ' ಎಂದೇ ಬರೆಯಿರಿ.

ಕಾಲವನ್ನೂ ಸರಿಯಾಗಿ ಆರಿಸಿ. ಜೂನ್-ಜುಲೈನಲ್ಲಿ ಬೆಳೆಸಾಲ, ಗೊಬ್ಬರ, ಬೆಳೆವಿಮೆ ಎಂದು ಕೌಂಟರಿನ ಮುಂದೆ ಸಾಲು ಇರುತ್ತದೆ. ಮಾರ್ಚ್ ಬಂತೆಂದರೆ ವಸೂಲಿ, ವರ್ಷಾಂತ್ಯದ ಲೆಕ್ಕ. ಆಗ ತರಗತಿಗೆ ಬಾರದವರನ್ನು ಆಸಕ್ತಿ ಇಲ್ಲದವರು ಎಂದುಕೊಳ್ಳಬಾರದು. ಮುಂಚಿನ ಅಳತೆ ಸೆಪ್ಟೆಂಬರಿನಲ್ಲಿ, ನಂತರದ್ದು ಮಾರ್ಚಿನಲ್ಲಿ ಆದರೆ ಕೆಲಸದ ಹೊರೆಯೇ ಬೇರೆ, ಹೋಲಿಕೆ ನಿಲ್ಲುವುದಿಲ್ಲ.

ಬಿಟ್ಟುಹೋದ 19 ಜನರ ವಿಚಾರವನ್ನು ತಡಮಾಡದೆ ಕೈಗೆತ್ತಿಕೊಳ್ಳಿ, ಇದು ಈ ವಾರವೇ ಆಗುವ ಕೆಲಸ. ತರಬೇತುದಾರರಲ್ಲದ ಯಾರಾದರೂ ಒಬ್ಬೊಬ್ಬರಿಗೂ ಫೋನ್ ಮಾಡಿ ಮಾತಾಡಲಿ. ಸಂಜೆಯ ಹೊತ್ತು ಅಡುಗೆ, ಮಕ್ಕಳ ಓದು ಎಂದು ಮಹಿಳಾ ಸಿಬ್ಬಂದಿ ಬಿಟ್ಟರೇ? ಡೇಟಾ ಖರ್ಚು ಯಾರು ಕೊಡಬೇಕೆಂದು ಬಿಟ್ಟರೇ? ಮೂರನೆಯ ವಾರ ವೇಗ ಹೆಚ್ಚಾಗಿ ಕೈಬಿಟ್ಟರೇ? ಅಥವಾ ತಮಗೆ ಬೇಕಾದಷ್ಟು ಕಲಿತಾಯಿತೆಂದು ನಿಂತರೇ? ಕೊನೆಯದು ವಯಸ್ಕರಲ್ಲಿ ಸಾಮಾನ್ಯ, ಅದು ಸೋಲಲ್ಲ. ಮಾಲ್ಕಮ್ ನೋಲ್ಸ್ ವಯಸ್ಕರ ಕಲಿಕೆಯ ಬಗ್ಗೆ ಒತ್ತಿ ಹೇಳಿದ್ದೂ ಇದೇ: ದೊಡ್ಡವರು ಕಲಿಯಲು ಬರುವುದು ಎದುರಿಗಿರುವ ತೊಡಕು ಬಿಡಿಸಿಕೊಳ್ಳಲು, ಪಠ್ಯ ಮುಗಿಸಲು ಅಲ್ಲ. ಈ 19 ಜನರ ಕೌಂಟರನ್ನೂ ನಿಮ್ಮ ಅಳತೆಯಲ್ಲಿ ಸೇರಿಸಿ. ಬಿಟ್ಟವರನ್ನು ಬಿಟ್ಟು ಲೆಕ್ಕ ಹಾಕಿದರೆ ಯಾವ ತರಬೇತಿಯೂ ಚೆನ್ನಾಗಿಯೇ ಕಾಣುತ್ತದೆ.

ಕಲಿತರೂ ಬಳಸಲಾಗದವರು ನಿಮಗೆ ಖಂಡಿತ ಸಿಗುತ್ತಾರೆ. ಅಲ್ಲಿ ನಿಮ್ಮ ಪಾಠವನ್ನು ದೂರುವ ಮೊದಲು ಸುತ್ತಲಿನ ವ್ಯವಸ್ಥೆ ನೋಡಿ. ಬಾಲ್ಡ್‌ವಿನ್ ಮತ್ತು ಫೋರ್ಡ್ 1988ರಲ್ಲಿ ತೋರಿಸಿಕೊಟ್ಟಂತೆ, ಕಲಿತದ್ದು ಕೆಲಸಕ್ಕಿಳಿಯುವುದು ಮೂರರ ಮೇಲೆ ನಿಂತಿದೆ: ಕಲಿತವರು, ತರಬೇತಿಯ ರೀತಿ, ಕೆಲಸದ ಜಾಗದ ಬೆಂಬಲ. ಪಾಸ್‌ವರ್ಡ್ ಒಬ್ಬರ ಬಳಿಯೇ ಇದ್ದರೆ ತರಬೇತಿ ಪಡೆದ ಗುಮಾಸ್ತೆ ಏನು ಮಾಡಿಯಾಳು? ಯುಪಿಎಸ್ ಬ್ಯಾಟರಿ ಸತ್ತು ಆರು ತಿಂಗಳಾಗಿದ್ದರೆ? 'ಮೊದಲು ಪುಸ್ತಕದಾಗ ಬರೀರಿ, ಅದನ್ನ ಆಮೇಲೆ ನೋಡೂಣು' ಎಂದು ಅಧ್ಯಕ್ಷರೇ ಹೇಳಿದರೆ? ರಾಬರ್ಟ್ ಬ್ರಿಂಕರ್‌ಹಾಫ್ ಕಟ್ಟಿಕೊಟ್ಟ ಪದ್ಧತಿ ಇಲ್ಲಿ ಅಗ್ಗದಲ್ಲಿ ಬಹಳ ಹೇಳುತ್ತದೆ. ಅತ್ಯಂತ ಚೆನ್ನಾಗಿ ಬಳಸುತ್ತಿರುವ ನಾಲ್ಕು ಸಂಘ, ಏನೂ ಬದಲಾಗದ ನಾಲ್ಕು ಸಂಘ ಆರಿಸಿ, ಒಂದೊಂದರಲ್ಲೂ ಅರ್ಧ ದಿನ ಕೂತು ಬನ್ನಿ. ಕೇಳುವುದಕ್ಕಿಂತ ನೋಡಿ: ರೈತ ಬಂದು ಹಣ ಕೊಟ್ಟಾಗ ಕೈ ಮೊದಲು ಎಲ್ಲಿಗೆ ಹೋಗುತ್ತದೆ, ಕೀಬೋರ್ಡಿಗೋ ರಸೀದಿ ಪುಸ್ತಕಕ್ಕೋ? ನಾಲ್ಕು ಬದಲಾಗದ ಸಂಘಗಳಲ್ಲಿ ಮೂರರಲ್ಲಿ ಅಡ್ಡಿ ಒಂದೇ ಎಂದು ಕಂಡರೆ, ಮುಂದಿನ ತರಬೇತಿಯ ಮೊದಲ ತರಗತಿ ಅಧ್ಯಕ್ಷರಿಗೇ ಇಡಬೇಕಾಗಬಹುದು. ನಾನಾದರೆ ಹೇಗಿದ್ದರೂ ಇಡುತ್ತೇನೆ.

ಖರ್ಚಿನ ವಿಷಯಕ್ಕೆ ಬಂದರೆ, ಮಂಡಳಿಯವರು ಬಸ್ಸಿನ ಚಾರ್ಜು, ಊಟ, ವಸತಿ ಒಂದು ಕಡೆ, ಇಂಟರ್ನೆಟ್ ಖರ್ಚು ಇನ್ನೊಂದು ಕಡೆ ಇಟ್ಟು ತೂಗುತ್ತಾರೆ. ಅದಕ್ಕಿಂತ ದೊಡ್ಡ ಖರ್ಚು ಆ ಪಟ್ಟಿಯಲ್ಲಿ ಬರುವುದೇ ಇಲ್ಲ. ಒಬ್ಬರೇ ಕಾರ್ಯದರ್ಶಿ ಇರುವ ಸಂಘದಲ್ಲಿ ಮೂರು ದಿನದ ಶಿಬಿರ ಎಂದರೆ ಮೂರು ದಿನ ಕೌಂಟರ್ ಬಂದ್. ಅಷ್ಟು ದಿನ ಊರಿನ ರೈತರು ತಿರುಗಾಡುತ್ತಾರೆ. ಆನ್‌ಲೈನಿನಲ್ಲಿ ಅದು ತಪ್ಪುತ್ತದೆ, ಬದಲಿಗೆ ಸಿಬ್ಬಂದಿಯ ಹದಿನಾರು ಸಂಜೆಗಳು ಹೋಗುತ್ತವೆ. ಅವಕ್ಕೂ ಬೆಲೆ ಕಟ್ಟಿ, ಅವರ ದುಡಿಮೆಯ ಸಮಯ ಅದು. ತಲೆಗೆಷ್ಟು ಖರ್ಚಾಯಿತು ಎಂದು ಬರೆಯುವುದನ್ನು ಬಿಟ್ಟು, ಮೂರು ತಿಂಗಳ ಮೇಲೆ ದಿನದ ಲೆಕ್ಕ ತಾನೇ ಮುಚ್ಚಬಲ್ಲ ಒಬ್ಬೊಬ್ಬರಿಗೆ ಎಷ್ಟು ಖರ್ಚಾಯಿತು ಎಂದು ಬರೆದರೆ ಮಂಡಳಿಯ ಚರ್ಚೆಯ ದಿಕ್ಕೇ ಬದಲಾಗುತ್ತದೆ. ನನ್ನ ಅಂದಾಜಿನಲ್ಲಿ ಎರಡನ್ನೂ ಬೆರೆಸುವುದು ನಿಮಗೆ ಒಪ್ಪುತ್ತದೆ: ಶುರುವಿನಲ್ಲಿ ತಾಲ್ಲೂಕು ಮಟ್ಟದಲ್ಲಿ ಒಂದು ದಿನ ಮುಖಾಮುಖಿ, ಸಂಕೋಚ ಮುರಿಯಲು ಮತ್ತು ಜೋಡಿ ಕಟ್ಟಲು. ಆಮೇಲೆ ಆನ್‌ಲೈನ್, ವಾರಕ್ಕೊಂದು ಕೈಕೆಲಸ. ಇದೂ ಅಂದಾಜೇ, ಎರಡನೆಯ ತಂಡದ ಮೇಲೆ ಅಳೆದು ನೋಡಬೇಕಾದದ್ದು.

1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆಯ ಮರುವರ್ಷವೇ ಸಹಕಾರ ಸಂಘ ಹುಟ್ಟಿದ ಕಣಗಿನಹಾಳ ನಿಮ್ಮ ಗದಗ ತಾಲ್ಲೂಕಿನದು. ಅದನ್ನು ಕಟ್ಟಿದ ಸಿದ್ದನಗೌಡ ಪಾಟೀಲರ ಕಾಲದಿಂದ ಈ ಸಂಘಗಳು ನಿಂತದ್ದು ಸದಸ್ಯರು ಲೆಕ್ಕದ ಮೇಲಿಟ್ಟ ನಂಬಿಕೆಯ ಮೇಲೆ. ಆದ್ದರಿಂದ ಕೊನೆಯ ಹಂತದ ಅಳತೆ ಸದಸ್ಯರಿಂದಲೇ ಬರಲಿ. ಪ್ರತಿ ಸಂಘದಲ್ಲಿ ಹತ್ತು ಜನ ರೈತರನ್ನು ಕೇಳಿ: ಹಣ ಕಟ್ಟಿದ ದಿನವೇ ಮುದ್ರಿತ ರಸೀದಿ ಸಿಕ್ಕಿತೇ, ಸಾಲದ ಬಾಕಿ ಎಷ್ಟು ಎಂದು ಕೇಳಿದಾಗ ಅಲ್ಲೇ ಹೇಳಿದರೇ, ಆ ಅಂಕಿ ನಿಮ್ಮ ಲೆಕ್ಕಕ್ಕೆ ಹೊಂದಿತೇ. ಈ ಮೂರು ಪ್ರಶ್ನೆಯನ್ನು ತರಬೇತಿ ಪಡೆದ ತಂಡದ ಊರುಗಳಲ್ಲೂ ಕಾಯುತ್ತಿರುವ ತಂಡದ ಊರುಗಳಲ್ಲೂ ಒಂದೇ ವಾರದಲ್ಲಿ ಕೇಳಿಸಿ. ಸಂಘದ ಸಿಬ್ಬಂದಿ ಎದುರಿಗಿಲ್ಲದಾಗ, ಆಯಾ ಊರಿನ ಓದಿದ ಹುಡುಗ-ಹುಡುಗಿಯರಿಂದ ಕೇಳಿಸಿದರೆ ಸಾಕು. ಮಂಡಳಿಗೆ ಈಗಲೇ ಒಂದು ಪುಟದ ಪತ್ರ ಕೊಡಿ: 60ರಲ್ಲಿ 41 ಜನ ಮುಗಿಸಿದರು, ಅವರಿಗೆ ಮೆಚ್ಚುಗೆಯಾಯಿತು, ಕೆಲಸ ಬದಲಾಯಿತೇ ಎಂಬುದನ್ನು ಮೂರು ತಿಂಗಳ ಮೇಲೆ ಕೌಂಟರಿನಲ್ಲಿ ನೋಡಿ ಹೇಳುತ್ತೇವೆ, ಅಲ್ಲಿಯವರೆಗೆ ಶಿಬಿರವೋ ಆನ್‌ಲೈನೋ ಎಂಬ ತೀರ್ಮಾನ ತಡೆಹಿಡಿಯಬೇಕು ಎಂದು.